ಮುಚ್ಚಳ ತಿರುಗಿಸುವ ಮಗುವಿನ ಪಕ್ಕದಲ್ಲಿ

ಮೂರು ವರ್ಷದ ಮಗುವೊಂದು ನೆಲದ ಮೇಲೆ ಕೂತು ಸ್ಟೀಲ್ ಡಬ್ಬದ ಮುಚ್ಚಳವನ್ನು ಬುಗುರಿಯಂತೆ ತಿರುಗಿಸುತ್ತಿದೆ. ತಾಯಿ ಚಿತ್ರಪುಸ್ತಕ ಹಿಡಿದು, ‘ಇಲ್ನೋಡು, ಇದೇನು? ಆನೆ! ಹೇಳು, ಆನೆ’ ಎನ್ನುತ್ತಿದ್ದಾಳೆ. ಮಗು ನೋಡುವುದಿಲ್ಲ. ತಾಯಿಯ ದನಿ ಏರುತ್ತದೆ, ಪುಸ್ತಕ ಮಗುವಿನ ಮುಖದ ಹತ್ತಿರಕ್ಕೆ ಬರುತ್ತದೆ, ಮಗು ಬೆನ್ನು ತಿರುಗಿಸುತ್ತದೆ. ಮೂಲೆಯಲ್ಲಿ ಕೂತ ಕಾರ್ಯಕರ್ತೆ ಎಲ್ಲವನ್ನೂ ಸಣ್ಣ ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದಾಳೆ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರು ಹೆಂಗಸರೂ ಅಕ್ಕಪಕ್ಕ ಕೂತು ಆ ದೃಶ್ಯವನ್ನೇ ನೋಡುತ್ತಾರೆ. ಒಂದು ಕಡೆ ಕಾರ್ಯಕರ್ತೆ ವಿಡಿಯೊ ನಿಲ್ಲಿಸುತ್ತಾಳೆ. ಪುಸ್ತಕ ಕೆಳಗಿಟ್ಟು ತಾಯಿ ಸುಮ್ಮನಾದ ಗಳಿಗೆ ಅದು. ಆಗ ಮಗು ಮುಚ್ಚಳದಿಂದ ಕಣ್ಣೆತ್ತಿ ಅವಳತ್ತ ಒಮ್ಮೆ ನೋಡಿದೆ. ಅರ್ಧ ಸೆಕೆಂಡು ಇರಬಹುದು. ಕಲಿಸುವ ಆತುರದಲ್ಲಿದ್ದ ತಾಯಿಗೆ ಅದು ಕಂಡೇ ಇರಲಿಲ್ಲ.

ಇದನ್ನು ಯಾವುದೋ ಒಂದು ಮನೆಯ ಕಥೆ ಎಂದುಕೊಳ್ಳಬೇಕಿಲ್ಲ. ಆಟಿಸಂ ಇರುವ ಪುಟ್ಟ ಮಕ್ಕಳಿಗಾಗಿ ಇಂಗ್ಲೆಂಡಿನಲ್ಲಿ ರೂಪುಗೊಂಡು, ಆಮೇಲೆ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ಮನೆಗಳಿಗೆ ಬಂದ ತರಬೇತಿಯೊಂದರಲ್ಲಿ ಪ್ರತಿ ಭೇಟಿಯೂ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ. ತಾಯಿಯ ತಪ್ಪುಗಳನ್ನು ಎತ್ತಿ ತೋರಿಸುವ ಕ್ರಮ ಅಲ್ಲಿಲ್ಲ. ಸರಿಹೋದ ಗಳಿಗೆಯನ್ನು ಹುಡುಕಿ, ಅಲ್ಲಿ ವಿಡಿಯೊ ನಿಲ್ಲಿಸಿ, ‘ಇಲ್ಲಿ ನೀವೇನು ಮಾಡಿದಿರಿ ನೋಡಿ’ ಎನ್ನುತ್ತಾರೆ. ಮುಂದಿನ ವಾರಗಳಲ್ಲಿ ತಾಯಿ ತಾನೂ ಒಂದು ಮುಚ್ಚಳ ಹಿಡಿದು ಮಗುವಿನ ಪಕ್ಕ ಕೂರಬಹುದು. ‘ತಿರುಗ್ತಾ ಇದೆ’ ಎಂದಷ್ಟೇ ಹೇಳಿ ಕಾಯಬಹುದು. ಮಾತು ಬಾರದ ಮಗುವಿನೆದುರು ಹೀಗೆ ಕಾಯುವುದು ಎಷ್ಟು ಕಷ್ಟ ಎಂಬುದು ಆ ತಾಯಂದಿರಿಗೇ ಗೊತ್ತು.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮಕ್ಕಳ ಮನೋವೈದ್ಯ ಜೊನಾಥನ್ ಗ್ರೀನ್ ಮತ್ತು ಸಂಗಡಿಗರು ಈ ಪ್ರಯೋಗಕ್ಕೆ ‘ಪ್ಯಾಕ್ಟ್’ ಎಂದು ಹೆಸರಿಟ್ಟರು. ಲಂಡನ್, ಮ್ಯಾಂಚೆಸ್ಟರ್, ನ್ಯೂಕ್ಯಾಸಲ್‌ಗಳಲ್ಲಿ ಐದು ವರ್ಷದೊಳಗಿನ 152 ಮಕ್ಕಳನ್ನು ಆರಿಸಿ, ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ ಈ ತರಬೇತಿ. 2010ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂದಾಗ ಸಂಭ್ರಮಪಡುವಂಥದ್ದು ಹೆಚ್ಚೇನೂ ಇರಲಿಲ್ಲ. ಮಗುವಿಗೆ ಸ್ಪಂದಿಸುವ ತಂದೆ–ತಾಯಿಯ ರೀತಿ ಗಣನೀಯವಾಗಿ ಬದಲಾಗಿತ್ತು, ಮಕ್ಕಳೂ ತಾವಾಗಿಯೇ ಹೆಚ್ಚು ಸಂವಹನ ನಡೆಸತೊಡಗಿದ್ದರು. ಆದರೆ ಆಟಿಸಂ ಲಕ್ಷಣಗಳ ತೀವ್ರತೆ ಎಂಬ ಮುಖ್ಯ ಅಳತೆಗೋಲಿನಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಸಂಶೋಧಕರು ಅದನ್ನು ಮುಚ್ಚಿಡದೆ ಬರೆದರು. ಕಡತವನ್ನು ಮುಚ್ಚಲೂ ಇಲ್ಲ. ಚಿಕಿತ್ಸೆ ಮುಗಿದು ಸುಮಾರು ಆರು ವರ್ಷದ ಬಳಿಕ ಅದೇ ಮಕ್ಕಳನ್ನು ಹುಡುಕಿಕೊಂಡು ಹೋದರು. 121 ಮಕ್ಕಳು ಸಿಕ್ಕರು. ಮೊದಲ ದಿನದಿಂದ ಅಲ್ಲಿಯವರೆಗಿನ ಅಷ್ಟೂ ಕಾಲವನ್ನು ಒಟ್ಟಾಗಿ ಲೆಕ್ಕ ಹಾಕಿದಾಗ, ತರಬೇತಿ ಪಡೆದ ಮನೆಗಳ ಮಕ್ಕಳಲ್ಲಿ ಲಕ್ಷಣಗಳ ತೀವ್ರತೆ ಕಡಿಮೆಯಾಗಿದ್ದುದು, ಆ ಗುಣ ಉಳಿದುಕೊಂಡದ್ದು ಕಂಡಿತು. 2016ರಲ್ಲಿ ಅದೂ ಅಚ್ಚಾಯಿತು.

ಅಷ್ಟರಲ್ಲಿ ಈ ವಿಧಾನ ಕಡಲು ದಾಟಿತ್ತು. ಇಂಗ್ಲೆಂಡಿನಲ್ಲಿ ಇದನ್ನು ಕಲಿಸುತ್ತಿದ್ದವರು ವಾಕ್ ಚಿಕಿತ್ಸಕರು. ವರ್ಷಗಟ್ಟಲೆ ಓದಿ, ಪಳಗಿದವರು. ದಕ್ಷಿಣ ಏಷ್ಯಾದಲ್ಲಿ ಅಂಥವರು ಎಷ್ಟು ಜನರಿದ್ದಾರೆ? ಇರುವವರು ದೊಡ್ಡ ಊರುಗಳಲ್ಲಿ. ಹೊನ್ನಾವರದ ಹಳ್ಳಿಯ ತಾಯಿಯೋ ಸಿಂಧನೂರಿನ ಕೂಲಿ ಕಾರ್ಮಿಕನೋ ಮಗುವನ್ನು ಎತ್ತಿಕೊಂಡು ವಾರಕ್ಕೆ ಎರಡು ಸಲ ಬೆಂಗಳೂರಿಗೆ ಬರಲಾರರು. ಕಾಳಿ ನದಿ ದಾಟಿ ಕಾರವಾರದಿಂದ ಹೊರಟರೆ ಸಿಗುವ ಗೋವಾದಲ್ಲಿ, 1996ರಿಂದ ಕೆಲಸ ಮಾಡುತ್ತಿರುವ ‘ಸಂಗಾತ್’ ಸಂಸ್ಥೆಯ ಗೌರಿ ದಿವಾನ್, ವಿಕ್ರಂ ಪಟೇಲ್ ಮೊದಲಾದವರು ಎತ್ತಿಕೊಂಡ ಪ್ರಶ್ನೆ ಇದೇ: ತಜ್ಞರ ಈ ಕೆಲಸವನ್ನು ತಜ್ಞರಲ್ಲದವರು ಮಾಡಬಹುದೇ?

ಲಿವರ್‌ಪೂಲ್‌ನ ಆತಿಫ್ ರಹಮಾನ್ ನೇತೃತ್ವದಲ್ಲಿ ಗೋವಾ ಮತ್ತು ರಾವಲ್ಪಿಂಡಿಗಳೆರಡರಲ್ಲೂ ಪ್ರಯೋಗ ನಡೆಯಿತು. ಗಡಿಯ ಎರಡೂ ಬದಿಯ ಮನೆಗಳಲ್ಲಿ ಒಂದೇ ಪಾಠ, ಒಂದೇ ಅಳತೆಗೋಲು. 2013ರಲ್ಲಿ ಎರಡರಿಂದ ಒಂಬತ್ತು ವರ್ಷದೊಳಗಿನ 65 ಮಕ್ಕಳನ್ನು ಸೇರಿಸಿಕೊಂಡರು. ಆರು ತಿಂಗಳಲ್ಲಿ ಹನ್ನೆರಡು ಭೇಟಿ. ಚಿಕಿತ್ಸೆ ಕೊಟ್ಟವರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ತರಬೇತಿ ಪಡೆದ, ಮೇಲ್ವಿಚಾರಣೆಯ ಆಸರೆಯಿದ್ದ ಸಾಮಾನ್ಯ ಕಾರ್ಯಕರ್ತರು. ಮ್ಯಾಂಚೆಸ್ಟರ್‌ನ ಕೈಪಿಡಿಯನ್ನು ಯಥಾವತ್ತಾಗಿ ಇಳಿಸುವ ಬದಲು, ಅತ್ತೆ, ಅಜ್ಜಿ, ನಾದಿನಿ ಇರುವ ಮನೆಗೆ, ಆಟಿಕೆಗಿಂತ ಅಡುಗೆಮನೆಯ ಪಾತ್ರೆಗಳೇ ಹೆಚ್ಚಿರುವ ಮನೆಗೆ ಹೊಂದುವಂತೆ ತಿದ್ದಬೇಕಾಯಿತು. 2016ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪ್ರಕಟಿಸಿದ ಫಲಿತಾಂಶದ ಪ್ರಕಾರ, ತಾಯಂದಿರು ಮಗುವಿನ ಗಮನ ಎತ್ತ ಇದೆಯೋ ಅತ್ತಲೇ ಹೋಗಿ ಸ್ಪಂದಿಸುವುದು ಸ್ಪಷ್ಟವಾಗಿ ಹೆಚ್ಚಿತ್ತು. ಮಕ್ಕಳು ತಾವೇ ಮುಂದಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿತ್ತು. ಇಬ್ಬರೂ ಒಂದೇ ವಸ್ತುವಿನತ್ತ ಒಟ್ಟಿಗೆ ಗಮನ ಕೊಡುವ ಸಮಯ ಮಾತ್ರ ನಿರೀಕ್ಷೆಗೆ ವಿರುದ್ಧವಾಗಿ ಕಡಿಮೆಯಾಗಿತ್ತು. ಆ ಸಂಗತಿಯೂ ಅದೇ ಪ್ರಬಂಧದಲ್ಲಿ ದಾಖಲಾಗಿದೆ.

65 ಮಕ್ಕಳು ಎಂದರೆ ಬಹಳ ಚಿಕ್ಕ ಸಂಖ್ಯೆ, ನಿಜ. ಆದರೆ ಆರೋಗ್ಯ ಇಲಾಖೆಯ ಮೇಜಿನ ಮೇಲೆ ಇಡಬಹುದಾದ ಒಂದು ವಾಕ್ಯ ಅಲ್ಲಿಂದ ಹುಟ್ಟಿತು: ಈ ಕೆಲಸವನ್ನು ಊರಲ್ಲಿ ಈಗಾಗಲೇ ಇರುವ ಜನರಿಂದ ಮಾಡಿಸಬಹುದು. ಮುಂದೆ ಕೆಲಸ ದೆಹಲಿಗೆ ಸಾಗಿತು. ನಿದ್ದೆ, ಶೌಚದ ಅಭ್ಯಾಸ, ಹಟ, ತಾಯಿಯ ಮನಸ್ಸಿನ ದಣಿವು ಇವಕ್ಕೂ ಪಾಠದಲ್ಲಿ ಜಾಗ ಸಿಕ್ಕಿತು. 240 ಕುಟುಂಬಗಳ ದೊಡ್ಡ ಪ್ರಯೋಗವೊಂದನ್ನು ರೂಪಿಸಿದಾಗ ಪರಿಣಾಮದ ಜೊತೆಗೆ ಖರ್ಚನ್ನೂ ಲೆಕ್ಕ ಹಾಕುವ ಏರ್ಪಾಡು ಮಾಡಿದರು. ಚಿಕಿತ್ಸೆ ಫಲ ಕೊಡುತ್ತದೆಯೇ ಎಂದು ವಿಜ್ಞಾನಿ ಕೇಳಿದರೆ, ತಲಾ ಎಷ್ಟಾಗುತ್ತದೆ ಎಂದು ಹಣಕಾಸು ಕಾರ್ಯದರ್ಶಿ ಕೇಳುತ್ತಾರೆ. ಎರಡನೆಯ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದೆ ಎಷ್ಟೋ ಒಳ್ಳೆಯ ಸಂಶೋಧನೆಗಳು ಗ್ರಂಥಾಲಯದಲ್ಲೇ ಉಳಿದಿವೆ.

ವಿಶ್ವ ಆರೋಗ್ಯ ಸಂಸ್ಥೆಯೂ ಇದೇ ಜಾಡಿನಲ್ಲಿದೆ. 2014ರಲ್ಲಿ ಆಟಿಸಂ ಕುರಿತು ಅದರ ಮಹಾಸಭೆ ನಿರ್ಣಯ ಅಂಗೀಕರಿಸಿತು. ಪೋಷಕರಿಗಾಗಿ ಅದು ರೂಪಿಸಿದ ತರಬೇತಿಯಲ್ಲಿ ಒಂಬತ್ತು ಗುಂಪು ತರಗತಿಗಳೂ ಮೂರು ಮನೆಭೇಟಿಗಳೂ ಇವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ತಾಯಿ ಎಂಬ ಪದ ಆಟಿಸಂನ ಚರಿತ್ರೆಯಲ್ಲಿ ಬಹಳ ನೋವು ಹೊತ್ತಿದೆ. 1943ರಲ್ಲಿ ಲಿಯೊ ಕ್ಯಾನರ್ ಮೊದಲ ಹನ್ನೊಂದು ಮಕ್ಕಳ ವಿವರ ಬರೆದ ಮೇಲೆ, ತಂದೆ–ತಾಯಿಯ ವಾತ್ಸಲ್ಯವಿಲ್ಲದ ನಡತೆಯೇ ಕಾರಣ ಎಂಬ ಸಿದ್ಧಾಂತ ಅಮೆರಿಕದಲ್ಲಿ ಬೇರುಬಿಟ್ಟಿತು. ಶೀತಲಪೆಟ್ಟಿಗೆಯಂಥ ತಾಯಂದಿರು ಎಂಬ ಕ್ರೂರ ಬಿರುದೇ ಚಾಲ್ತಿಗೆ ಬಂತು. ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ಅದನ್ನೇ ಪುಸ್ತಕವಾಗಿ ಬೆಳೆಸಿದರು. ಆಟಿಸಂ ಇದ್ದ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲೇ, ಇದು ನರಮಂಡಲಕ್ಕೆ ಸೇರಿದ ವಿಷಯ ಎಂದು ಪುಸ್ತಕ ಬರೆದು ವಾದಿಸಿದ್ದರು. ತಾಯಿಯನ್ನು ದೂರುವ ಆ ಸಿದ್ಧಾಂತ ವಿಜ್ಞಾನದಿಂದ ಹೊರಬಿದ್ದು ದಶಕಗಳಾದವು. ನಮ್ಮ ಬೀದಿಗಳಲ್ಲಿ ಅದು ವೇಷ ಬದಲಿಸಿ ಬದುಕಿದೆ: ‘ಮಗುವನ್ನು ಮೊಬೈಲ್ ಮುಂದೆ ಕೂರಿಸಿ ಕೆಲಸಕ್ಕೆ ಹೋದಳು’, ‘ಬಸುರಿಯಲ್ಲಿ ಗ್ರಹಣ ನೋಡಿದಳು’. ಆದ್ದರಿಂದ ತಾಯಿಯನ್ನೇ ಚಿಕಿತ್ಸಕಿಯಾಗಿಸುವ ಯಾವುದೇ ಯೋಜನೆ, ಮಗು ಮಾತಾಡದಿದ್ದರೆ ಅವಳೇ ಸರಿಯಾಗಿ ಮಾಡಲಿಲ್ಲ ಎಂಬ ಹೊಸ ಆರೋಪಕ್ಕೆ ದಾರಿಯಾಗಬಾರದು. ಪೋಷಕರ ತರಬೇತಿ ಎಂದಾಗ ತಂದೆಯ ಹೆಸರೂ ನೋಂದಣಿ ಪುಸ್ತಕದಲ್ಲಿರಬೇಕು. ದಣಿದವಳಿಗೆ ವಾರಕ್ಕೆ ಒಂದು ಮಧ್ಯಾಹ್ನದ ಬಿಡುವೂ ಯೋಜನೆಯ ಭಾಗವಾಗಿರಬೇಕು.

ಕೆಟ್ಟ ಸಂಶೋಧನೆ ಜನರ ನಡುವೆ ಎಷ್ಟು ವೇಗವಾಗಿ ಹಬ್ಬುತ್ತದೆ ಎಂಬುದನ್ನೂ ನೆನೆಯಬೇಕು. 1998ರ ಫೆಬ್ರುವರಿಯಲ್ಲಿ ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳನ್ನು ನೋಡಿ, ದಡಾರ–ಮಂಗಬಾವು–ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಸೂಚನೆಯ ಪ್ರಬಂಧ ಪ್ರಕಟಿಸಿದರು. ಅದೂ ‘ದಿ ಲ್ಯಾನ್ಸೆಟ್’ನಲ್ಲೇ. ಇಂಗ್ಲೆಂಡಿನಲ್ಲಿ ಆ ಲಸಿಕೆ ಹಾಕಿಸಿಕೊಳ್ಳುವವರ ಪ್ರಮಾಣ ಕೆಲವೇ ವರ್ಷಗಳಲ್ಲಿ ಶೇ 90ರ ಮೇಲಿನಿಂದ ಶೇ 80ರ ಆಸುಪಾಸಿಗೆ ಕುಸಿಯಿತು. ಪತ್ರಕರ್ತ ಬ್ರಯಾನ್ ಡೀರ್ ವರ್ಷಗಳ ಕಾಲ ಬೆನ್ನುಹತ್ತಿ ಅಕ್ರಮಗಳನ್ನು ಬಯಲಿಗೆಳೆದರು. 2010ರಲ್ಲಿ ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್ ವೈದ್ಯ ನೋಂದಣಿ ಕಳೆದುಕೊಂಡರು. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನ, ಲಸಿಕೆಯಿಂದ ಆಟಿಸಂ ಅಪಾಯ ಹೆಚ್ಚುವುದಿಲ್ಲ ಎಂದು ಮತ್ತೊಮ್ಮೆ ತೋರಿಸಿತು. ಪ್ರಬಂಧ ಹಿಂತೆಗೆದು ಏಳು ವರ್ಷವಾಗಿದ್ದರೂ, 2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನದ ಮೊದಲ ಹಂತ ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಶುರುವಾದಾಗ ಲಸಿಕೆಯ ವಿರುದ್ಧ ವಾಟ್ಸ್‌ಆ್ಯಪ್ ವದಂತಿಗಳು ಹರಿದಾಡಿದವು. ಶಾಲೆಯ ಬಾಗಿಲಲ್ಲಿ ನಿಂತು ಪೋಷಕರ ಭಯಕ್ಕೆ ಉತ್ತರ ಹೇಳಬೇಕಾದವರು ಶಿಕ್ಷಕರು ಮತ್ತು ಆರೋಗ್ಯ ಕಾರ್ಯಕರ್ತೆಯರು. ಜನರನ್ನು ತಲುಪಲು ಹನ್ನೆರಡು ಮಕ್ಕಳ ಸುಳ್ಳಿಗೆ ಕೆಲವೇ ವರ್ಷ ಸಾಕಾಯಿತು. 152 ಮಕ್ಕಳ ಪ್ರಾಮಾಣಿಕ ಲೆಕ್ಕ ಮಾತ್ರ ಇನ್ನೂ ನಡೆಯುತ್ತಲೇ ಇದೆ.

ಒಂದು ಸಂಖ್ಯೆ ಸರ್ಕಾರವನ್ನು ಅಲುಗಿಸಿದ್ದೂ ಉಂಟು. ಸ್ವೀಡನ್‌ನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಸಂಶೋಧಕರು ರಾಷ್ಟ್ರೀಯ ದಾಖಲೆಗಳಲ್ಲಿದ್ದ ಆಟಿಸಂ ಇರುವ 27 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ನೋಡಿದಾಗ, ತೀರಿಕೊಂಡವರ ಸರಾಸರಿ ವಯಸ್ಸು ಆಟಿಸಂ ಇಲ್ಲದವರಿಗಿಂತ ಸುಮಾರು 16 ವರ್ಷ ಕಡಿಮೆ ಇತ್ತು. ‘ಆಟಿಸ್ಟಿಕಾ’ ಎಂಬ ಬ್ರಿಟಿಷ್ ದತ್ತಿ ಸಂಸ್ಥೆ 2016ರಲ್ಲಿ ಈ ಅಂಕಿಯನ್ನೇ ಮುಂದಿಟ್ಟು ವರದಿ ತಂದಿತು. 2019ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ ದೀರ್ಘಾವಧಿ ಯೋಜನೆಯಲ್ಲಿ, ಆಟಿಸಂ ಇರುವವರಿಗೆಂದೇ ಪ್ರತ್ಯೇಕ ಆರೋಗ್ಯ ತಪಾಸಣೆಯನ್ನು ಪ್ರಾಯೋಗಿಕವಾಗಿ ಆರಂಭಿಸುವ ಮಾತು ಸೇರಿತು. ಅಲ್ಲಿ 2009ರಿಂದಲೇ ಆಟಿಸಂಗೆ ಪ್ರತ್ಯೇಕ ಕಾಯ್ದೆಯಿದೆ. ಕಾಯ್ದೆ, ದಾಖಲೆ, ದತ್ತಿ ಸಂಸ್ಥೆ ಮೂರೂ ಇದ್ದುದರಿಂದ ಮೂರು ವರ್ಷ ಸಾಕಾಯಿತು.

ಭಾರತದಲ್ಲಿ ಎಣಿಕೆಯೇ ತಡವಾಯಿತು. 2011ರ ಜನಗಣತಿ ಅಂಗವೈಕಲ್ಯದ ಎಂಟು ಬಗೆಗಳನ್ನು ಕೇಳಿತು, ಆಟಿಸಂ ಅದರಲ್ಲಿರಲಿಲ್ಲ. ಗಣತಿದಾರರ ಮುಂದೆ ಈ ಮಕ್ಕಳು ಬುದ್ಧಿಮಾಂದ್ಯರೋ, ‘ಇತರೆ’ಯೋ ಆದರು. 2018ರಲ್ಲಿ ಪ್ರಕಟವಾದ ‘ಇನ್‌ಕ್ಲೆನ್’ ಅಧ್ಯಯನ ಪಲ್ವಲ್, ಕಾಂಗ್ರಾ, ಢೇಂಕಾನಾಲ್, ಉತ್ತರ ಗೋವಾ ಮತ್ತು ಹೈದರಾಬಾದ್‌ಗಳಲ್ಲಿ ಎರಡರಿಂದ ಒಂಬತ್ತು ವರ್ಷದ 3,964 ಮಕ್ಕಳನ್ನು ಪರೀಕ್ಷಿಸಿತು. ನರಮಂಡಲದ ಬೆಳವಣಿಗೆಗೆ ಸಂಬಂಧಿಸಿದ ಯಾವುದಾದರೂ ಒಂದು ತೊಂದರೆ ಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗಿತ್ತು. ಆಟಿಸಂ ಪ್ರಮಾಣ ನೂರಕ್ಕೆ ಒಂದರ ಆಸುಪಾಸು. ನೂರಕ್ಕೆ ಒಂದೆಂದರೆ ಪ್ರತಿ ದೊಡ್ಡ ಶಾಲೆಯಲ್ಲೂ ಇಂಥ ಕೆಲವು ಮಕ್ಕಳು ಇರಬೇಕು. ಅವರು ಕಾಣುತ್ತಿಲ್ಲವೆಂದರೆ ಮನೆಯಲ್ಲಿದ್ದಾರೆ, ಇಲ್ಲವೇ ಕೊನೆಯ ಬೆಂಚಿನಲ್ಲಿ ‘ಹಟಮಾರಿ’ ಎಂಬ ಹೆಸರು ಹೊತ್ತು ಕೂತಿದ್ದಾರೆ.

ಕಾನೂನಿನ ದಾರಿ ಇನ್ನೂ ಸುತ್ತುಬಳಸಿನದು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನಷ್ಟೇ ಗುರುತಿಸಿತು, ಆಟಿಸಂ ಹೊರಗುಳಿಯಿತು. ದೆಹಲಿಯಲ್ಲಿ 1991ರಲ್ಲಿ ಮೆರ್ರಿ ಬರುವಾ ಕಟ್ಟಿದ ‘ಆ್ಯಕ್ಷನ್ ಫಾರ್ ಆಟಿಸಂ’ ಸೇರಿದಂತೆ ಪೋಷಕರ ಗುಂಪುಗಳು ಪಟ್ಟುಬಿಡದೆ ಕೇಳಿದವು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಹೆಸರಿನಲ್ಲೇ ಆಟಿಸಂ ಬಂತು. ಆದರೂ ಮೀಸಲಾತಿ, ರಿಯಾಯಿತಿಗಳ ಕೀಲಿಕೈ ಇದ್ದದ್ದು ಹಳೆಯ ಕಾಯ್ದೆಯಲ್ಲೇ. ಪ್ರಮಾಣಪತ್ರಕ್ಕಾಗಿ ಎಷ್ಟೋ ಪೋಷಕರು ಮಗುವನ್ನು ಬುದ್ಧಿಮಾಂದ್ಯ ಎಂದು ಬರೆಸಿಕೊಳ್ಳಬೇಕಾಯಿತು. ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದ ಮಗುವಿಗೆ ಆ ಚೀಟಿಯೂ ಸಿಗುತ್ತಿರಲಿಲ್ಲ.

ಈ ಗಂಟನ್ನು ಸಡಿಲಿಸಿದ್ದು ನಲವತ್ತು ಪ್ರಶ್ನೆಗಳ ಒಂದು ನಮೂನೆ. ಸಿಕಂದರಾಬಾದ್‌ನ ರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಸಿದ್ಧವಾದ ಈ ಭಾರತೀಯ ಮಾಪಕದಲ್ಲಿ ಸಾಮಾಜಿಕ ಒಡನಾಟ, ಭಾವನೆ, ಮಾತು, ನಡವಳಿಕೆ, ಇಂದ್ರಿಯಾನುಭವ, ಗ್ರಹಿಕೆ ಎಂಬ ಆರು ವಿಭಾಗಗಳಿವೆ. ಪ್ರತಿ ಅಂಶಕ್ಕೆ ಒಂದರಿಂದ ಐದು ಅಂಕ; 70 ಮುಟ್ಟಿದರೆ ಆಟಿಸಂ. ಆಟಿಸಂ ಪ್ರಮಾಣಪತ್ರಕ್ಕೆ ಇದನ್ನು ಬಳಸುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ 2016ರ ಏಪ್ರಿಲ್‌ನಲ್ಲಿ ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಅಂಗೀಕರಿಸಿ, ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಆಟಿಸಂ ಈ ಸಲ ಒಳಗಿತ್ತು. ಪ್ರಯೋಗಾಲಯದ ಅದ್ಭುತಗಳ ಬಗ್ಗೆ ಬರುವಷ್ಟು ಸುದ್ದಿ ಇಂಥ ಪ್ರಶ್ನಾವಳಿಗಳ ಬಗ್ಗೆ ಬರುವುದಿಲ್ಲ. ಜಿಲ್ಲಾಸ್ಪತ್ರೆಯ ವೈದ್ಯರು ತುಂಬಿ ಸಹಿ ಹಾಕಬಲ್ಲ ಈ ಹಾಳೆಗಳಿಂದಾಗಿಯೇ ಒಂದು ಮಗು ಸರ್ಕಾರದ ಕಣ್ಣಿಗೆ ಬಿತ್ತು.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಇಲ್ಲಿ ಜ್ಞಾನದ ಬಡತನವಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ವಾಕ್ ಚಿಕಿತ್ಸಕರನ್ನು ತಯಾರು ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಮಗುವಿನೊಂದಿಗೆ ಪೋಷಕರೂ ಉಳಿದು ಕಲಿಯುವ ಪದ್ಧತಿಯಿದೆ. ಪ್ರತಿಭಾ ಕಾರಂತ ಅವರು ಬೆಂಗಳೂರಿನಲ್ಲಿ ಕಟ್ಟಿದ ‘ಕಮ್ಯುನಿಕೇಷನ್ ಡೀಲ್’ ಪುಟ್ಟ ಮಕ್ಕಳನ್ನು ಸಾಮಾನ್ಯ ಶಾಲೆಗೆ ಅಣಿಗೊಳಿಸುವ ಕೆಲಸದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೂವತ್ತು ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಇದೆ. ಅದರ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರಬೇಕು. ಅನುಮಾನ ಬಂದ ಮಗುವನ್ನು ಜಿಲ್ಲಾ ಮಟ್ಟದ ಆರಂಭಿಕ ಮಧ್ಯಪ್ರವೇಶ ಕೇಂದ್ರಕ್ಕೆ ಕಳಿಸಬೇಕು. ಕಾಗದದ ಮೇಲೆ ದಾರಿ ಪೂರ್ತಿಯಾಗಿದೆ.

ನಡುವೆ ದಾರಿ ಕಡಿಯುವುದು ಮಾತಿನಲ್ಲಿ. ಎರಡು ವರ್ಷವಾದರೂ ಮಗು ಹೆಸರು ಕರೆದರೆ ತಿರುಗುತ್ತಿಲ್ಲ, ಬೆರಳು ತೋರಿಸಿ ಏನನ್ನೂ ಕೇಳುತ್ತಿಲ್ಲ ಎಂದಾಗ ಮನೆಯಲ್ಲಿ ಬರುವ ಉತ್ತರ, ‘ಅವರಪ್ಪನಿಗೂ ಮಾತು ತಡವಾಗಿಯೇ ಬಂದಿತ್ತು’. ‘ಗಂಡುಮಕ್ಕಳು ನಿಧಾನ, ನಾಲ್ಕು ತುಂಬಲಿ’ ಎಂದು ವೈದ್ಯರೂ ಹೇಳುವುದುಂಟು. ಪ್ರೀತಿಯಿಂದಲೇ ಬರುವ ಈ ಸಮಾಧಾನದ ಮಾತುಗಳಲ್ಲಿ ಎರಡು ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ. ಆ ಮನೆಯ ಜಗಲಿಯವರೆಗೆ ಹೋಗಿ, ಅಜ್ಜಿಯ ಮಾತಿಗೆ ಮರ್ಯಾದೆ ಕೊಟ್ಟೇ, ‘ಒಮ್ಮೆ ತೋರಿಸಿಬಿಡೋಣ’ ಎನ್ನಬಲ್ಲವಳು ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್. ಗೋವಾದ ಪ್ರಯೋಗದ ಪಾಠ ಇಲ್ಲಿಗೆ ತಲುಪಬೇಕಾದದ್ದು ಅವಳ ಮೂಲಕ.

ಆದರೆ ಅವಳ ಚೀಲ ಈಗಲೇ ಭಾರವಾಗಿದೆ. ಬಾಣಂತಿಯರ ಭೇಟಿ, ಲಸಿಕೆ, ಸಮೀಕ್ಷೆ, ಮೊಬೈಲ್‌ನಲ್ಲಿ ತುಂಬಬೇಕಾದ ಮಾಹಿತಿ. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾ ಕಾರ್ಯಕರ್ತೆಯರಿದ್ದಾರೆ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯ ರಾತ್ರಿಗಳನ್ನು ಕಳೆದು ಕೇಳಿದ್ದು ತಿಂಗಳಿಗೆ 15 ಸಾವಿರ ರೂಪಾಯಿ ಗೌರವಧನ. ಮುಷ್ಕರ ಮುಗಿದದ್ದು 10 ಸಾವಿರದ ಭರವಸೆಯ ಮೇಲೆ. ವಿಡಿಯೊ ತೆಗೆದು, ತಾಯಿಯ ಜೊತೆ ಒಂದು ಗಂಟೆ ಕೂತು, ಹನ್ನೆರಡು ಸಲ ಅದೇ ಮನೆಗೆ ಬರುವ ಕೆಲಸವನ್ನು ಅವಳ ಪಟ್ಟಿಗೆ ಸಂಬಳವಿಲ್ಲದ ಇನ್ನೊಂದು ಸಾಲಾಗಿ ಸೇರಿಸಿದರೆ ಅದು ನಡೆಯುವುದಿಲ್ಲ, ನಡೆಯಲೂಬಾರದು. ಗೋವಾದ ಕಾರ್ಯಕರ್ತರಿಗೆ ಅದೊಂದೇ ಕೆಲಸವಿತ್ತು, ಮೇಲ್ವಿಚಾರಕರಿದ್ದರು. ಹಾಗಾಗಿ ತಾಲ್ಲೂಕಿಗೆ ಒಬ್ಬಿಬ್ಬರನ್ನಾದರೂ ಇದೊಂದಕ್ಕೇ ನೇಮಿಸಿ, ಗುರುತಿಸುವ ಕೆಲಸ ಆಶಾಳದು, ಮನೆಗೆ ಹೋಗಿ ಕಲಿಸುವ ಕೆಲಸ ಇವರದು ಎಂದು ಹಂಚುವುದು ಹೆಚ್ಚು ನ್ಯಾಯದ ದಾರಿ. ಮೈಸೂರು ಮತ್ತು ಬೆಂಗಳೂರಿನ ತಜ್ಞರು ಅವರನ್ನು ತಯಾರು ಮಾಡಬಲ್ಲರು. ದೂರದಿಂದಲೇ ವಿಡಿಯೊ ನೋಡಿ ತಿದ್ದಲೂಬಲ್ಲರು.

ಇನ್ನು ದೊಡ್ಡವರ ಮಾತು. 2013ರಲ್ಲಿ ಗೋವಾ, ರಾವಲ್ಪಿಂಡಿಗಳ ಪ್ರಯೋಗಕ್ಕೆ ಸೇರಿದಾಗ ಎರಡು ವರ್ಷವಿದ್ದ ಮಗು ಈಗ ಹದಿಹರೆಯದಲ್ಲಿದೆ. ಒಂಬತ್ತಿದ್ದದ್ದು ಇಪ್ಪತ್ತು ದಾಟಿದೆ. ಆಟಿಸಂ ಬಾಲ್ಯದೊಂದಿಗೆ ಮುಗಿಯುವುದಿಲ್ಲ, ಸಂಶೋಧನೆ ಮತ್ತು ಯೋಜನೆಗಳು ಮಾತ್ರ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತವೆ. 2016ರ ಕಾಯ್ದೆ ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ಕೊಟ್ಟ ಶೇ 4ರ ಮೀಸಲಾತಿಯಲ್ಲಿ, ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯ ಎಲ್ಲಕ್ಕೂ ಸೇರಿ ಶೇ 1. ಹದಿನೆಂಟು ತುಂಬಿದವರಿಗೆ ಕಾನೂನು ಪಾಲಕರು ಬೇಕಾದರೆ, ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯಿರುವ ಸ್ಥಳೀಯ ಸಮಿತಿಯ ಮುಂದೆ ಅರ್ಜಿ ಹಾಕಬೇಕು. ಆ ಸಮಿತಿಯ ಮುಂದೆ ಕಡತ ಹಿಡಿದು ನಿಲ್ಲುವ ತಲೆ ನರೆತ ತಂದೆ–ತಾಯಿಯ ಮನಸ್ಸಿನಲ್ಲಿರುವುದು ‘ನಾವು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂಬ ಪ್ರಶ್ನೆ. ಅದಕ್ಕೆ ಸಿದ್ಧವಾಗಬೇಕಾದ ಕೈಪಿಡಿ, ಪ್ರಯೋಗ, ಖರ್ಚಿನ ಲೆಕ್ಕ ಇನ್ನೂ ಬರೆಯಲು ಬಾಕಿಯಿದೆ.